ಅಂಟು ಹಾಕದ ಕೋಲು

ಭಾನುವಾರ, ಮಾರ್ಚ್ ೧೪
ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಿನ್ನ ಗುಬ್ಬಿಯ ನಮಸ್ಕಾರ.

ಇಲ್ಲಿ ನಾನೂ ಅಪ್ಪನೂ ಚೆನ್ನಾಗಿದ್ದೇವೆ. ಹೋದ ವಾರ ಬರೆದಿದ್ದರೆ ಈ ಮಾತು ಸುಳ್ಳಾಗುತ್ತಿತ್ತು. ಈ ವಾರ ನಿಜ. ಅದಕ್ಕೇ ಈ ವಾರ ಬರೆಯುತ್ತಿದ್ದೇನೆ.

ನಿನ್ನ ಎರಡು ಕಾಗದಗಳೂ ನನ್ನ ದಿಂಬಿನ ಕೆಳಗಿವೆ. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ. ಬೈದದ್ದನ್ನೆಲ್ಲ ಈ ಕಾಗದ ಓದಿದ ಮೇಲೆ ವಾಪಸು ತಗೊ. ಫೋನಾದರೂ ಮಾಡಬಹುದಿತ್ತಲ್ಲ ಎಂದು ಕೇಳಬೇಡ. ಫೋನಿನಲ್ಲಿ ನನ್ನ ಪಾಡು ನಿನಗೆ ಗೊತ್ತೇ ಇದೆ: ‘ಹೂಂ’, ಆಮೇಲೆ ಇನ್ನೊಂದು ‘ಹೂಂ’, ಆಮೇಲೆ ‘ಇಡ್ಲಾ?’ ಕಾಗದವಾದರೆ ನಿಲ್ಲಿಸಿ ನಿಲ್ಲಿಸಿ ಹೇಳಬಹುದು. ನಡುವೆ ಯಾರೂ ‘ಜೋರಾಗಿ ಮಾತಾಡೇ’ ಎನ್ನುವುದಿಲ್ಲ.

ವಾಂತಿ ಕಡಿಮೆಯಾಯಿತೇ? ಸೀಮೆಸುಣ್ಣ ತಿನ್ನಬೇಕೆನ್ನಿಸುತ್ತದೆ ಎಂದು ಬರೆದಿದ್ದೀಯಲ್ಲ, ಅದನ್ನು ಭಾವನಿಗೆ ಹೇಳಬೇಡ. ಪಾಪ, ಅವರು ಒಂದು ಡಬ್ಬವನ್ನೇ ಹೊತ್ತು ತಂದಾರು. ಅಪ್ಪ ತಾತನಾಗುವ ಖುಷಿಯಲ್ಲಿ ದಿನಾ ಗಡ್ಡ ಕೆರೆದುಕೊಳ್ಳಲು ಶುರುಮಾಡಿದ್ದಾರೆ. ‘ಮಗು ಮುಖಕ್ಕೆ ಚುಚ್ಚಬಾರದು’ ಅಂತೆ. ಮಗು ಬರುವುದಕ್ಕೆ ಇನ್ನೂ ಎಷ್ಟೋ ತಿಂಗಳಿದೆ, ಈಗಲೇ ಯಾಕೆ ಅಂದರೆ ‘ಅಭ್ಯಾಸ ಆಗ್ಲಿ’ ಅನ್ನುತ್ತಾರೆ.

ನಿಮ್ಮತ್ತೆ ‘ನಿನ್ನ ತಂಗಿಗೆ ಆಟದ ಅಂಗಡಿ ಕೆಲಸವಂತೆ, ಆಟ ಆಡೋದಕ್ಕೂ ಸಂಬಳ ಕೊಡ್ತಾರಾ?’ ಎಂದರಂತಲ್ಲ. ನೀನೂ ಸರಿಯಾಗಿ ಉತ್ತರ ಹೇಳಲಾಗದೆ ಸುಮ್ಮನಾದೆ ಎಂದು ಬರೆದಿದ್ದೀ. ಇವತ್ತು ಪೂರ್ತಿ ಹೇಳುತ್ತೇನೆ. ಅದು ಗೊತ್ತಿಲ್ಲದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ.

ದರ್ಜಿಗಳಿಗೆ ದಾರ, ಗುಂಡಿ, ಅಸ್ತರಿ ಬಟ್ಟೆ ಮಾರುವ ಅಂಗಡಿ ಇರುತ್ತದಲ್ಲ, ನಮ್ಮದು ಹಾಗೆ. ನಾವು ಗಾಲ್ಫ್ ಆಡುವ ಕೋಲು ಮಾರುವುದಿಲ್ಲ. ಕೋಲಿನ ಬಿಡಿ ಭಾಗ ಮಾರುತ್ತೇವೆ. ಉದ್ದನೆಯ ಉಕ್ಕಿನ ಕೊಳವೆ ಒಂದು, ಅದಕ್ಕೆ ಶಾಫ್ಟ್ ಎನ್ನುತ್ತಾರೆ. ಚೆಂಡಿಗೆ ಹೊಡೆಯುವ ಕಬ್ಬಿಣದ ತಲೆ ಒಂದು. ಕೈ ಜಾರದಿರಲು ರಬ್ಬರಿನ ಹಿಡಿ ಒಂದು. ತಲೆಯೂ ಕೊಳವೆಯೂ ಕೂಡುವ ಕಡೆ ಒಂದು ಕಪ್ಪು ಪ್ಲಾಸ್ಟಿಕ್ ಬಳೆ. ಇದೆಲ್ಲವನ್ನೂ ಹಿಡಿದಿಡಲು ಎರಡು ಟ್ಯೂಬಿನ ಅಂಟು. ಇವನ್ನು ಕೊಳ್ಳುವವರು ಕೋಲು ಕಟ್ಟುವವರು. ಆಡುವವರ ಎತ್ತರ, ತೋಳಿನ ಉದ್ದ, ಅಂಗೈ ಅಗಲ ನೋಡಿ, ದರ್ಜಿ ಅಂಗಿ ಹೊಲಿದ ಹಾಗೆ, ಒಬ್ಬೊಬ್ಬರಿಗೆ ಒಂದೊಂದು ಥರ ಕಟ್ಟಿಕೊಡುತ್ತಾರೆ. ಒಬ್ಬರ ಕೋಲು ಇನ್ನೊಬ್ಬರಿಗೆ ಆಗುವುದಿಲ್ಲ.

ನನ್ನ ಕೆಲಸ ಹಿಂದಿನ ಕೋಣೆಯಲ್ಲಿ. ಆರ್ಡರ್ ಬಂದ ಹಾಗೆ ತಲೆಗಳನ್ನು ತೂಗಿ, ಶಾಫ್ಟುಗಳನ್ನು ಅಳೆದು, ಡಬ್ಬಿಗೆ ತುಂಬಿ ಕಳಿಸುವುದು. ಒಂದೇ ಅಚ್ಚಿನ ತಲೆಗಳಾದರೂ ಒಂದೆರಡು ಗ್ರಾಂ ಹೆಚ್ಚುಕಮ್ಮಿ ಇರುತ್ತವೆ. ಅವನ್ನು ಹೊಂದಿಸಿ ಜೋಡಿ ಮಾಡಬೇಕು. ನಮ್ಮ ಯಜಮಾನರಿಗೆ ಈ ತೂಕವೇ ಪ್ರಾಣ. ಅವರು ಮಾತನ್ನೂ ತೂಗಿ ಆಡುತ್ತಾರೆ. ಹಿಂದಿನಿಂದ ನಾವೆಲ್ಲ ಅವರನ್ನು ‘ಗ್ರಾಂ ಮಾವ’ ಎನ್ನುತ್ತೇವೆ. ಮುಂದೆ ಕೂತು ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವವಳು ಫೋನಕ್ಕ. ಅವಳು ಮಾತು ಶುರುಮಾಡಿದರೆ ಗ್ರಾಂ ಮಾವ ಒಳಗಿನಿಂದಲೇ, ‘ಅಮ್ಮಾ ತಾಯಿ, ಅರ್ಧ ಕಿಲೋ ಜಾಸ್ತಿ ಆಯ್ತು, ಇಳಿಸು’ ಎನ್ನುತ್ತಾರೆ. ಅವಳು ಇಳಿಸುವುದಿಲ್ಲ.

ನನ್ನ ಕೆಲಸದಲ್ಲಿ ಒಂದೇ ಒಂದು ಹೆದರಿಕೆ. ಶಾಫ್ಟಿನ ಮೊನೆಯಲ್ಲಿ ಎರಡು ಥರ. ಕೊನೆಯವರೆಗೂ ಒಂದೇ ದಪ್ಪ ಇರುವುದು ನೇರ ಮೊನೆ. ತುದಿಗೆ ಬರುತ್ತ ಕೂದಲೆಳೆಯಷ್ಟು ತೆಳ್ಳಗಾಗುವುದು ಸಣ್ಣ ಮೊನೆ. ಕಣ್ಣಿಗೆ ಎರಡೂ ಒಂದೇ. ನೇರ ಮೊನೆಗೆ ಮಾಡಿದ ತಲೆಯೊಳಗೆ ಸಣ್ಣ ಮೊನೆ ಹೊಕ್ಕರೆ ಸಡಿಲ. ಅಂಟು ಎಷ್ಟು ಹಾಕಿದರೂ ಭದ್ರವಲ್ಲ. ಬೀಸಿದಾಗ ತಲೆ ಕಿತ್ತುಕೊಂಡು ಹೋಗಬಹುದು. ಅದಕ್ಕೇ ತೂತುಗಳಿರುವ ಉಕ್ಕಿನ ಪಟ್ಟಿಯೊಂದನ್ನು ನನ್ನ ಮೇಜಿಗೆ ಸರಪಣಿಯಿಂದ ಕಟ್ಟಿದ್ದಾರೆ. ಪ್ರತಿ ಮೊನೆಯನ್ನೂ ತೂತಿಗೆ ಹಾಕಿ ನೋಡಿಯೇ ಡಬ್ಬಿಗೆ ಇಡಬೇಕು.

ಇನ್ನು ಸಿಡುಕಣ್ಣನ ವಿಷಯ. ನಮ್ಮಲ್ಲಿ ಮಾಲು ಕೊಳ್ಳುವವರಲ್ಲಿ ಎಲ್ಲರಿಗಿಂತ ಹಳಬರು ಅವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಒಬ್ಬರೇ ಕೋಲು ಕಟ್ಟುತ್ತಾರೆ. ಕೆಲಸ ದೇವರಂಥದ್ದು, ಬಾಯಿ ಮಾತ್ರ ಕಾದ ಬಾಣಲೆ. ‘ನಮಸ್ಕಾರ’ ಅಂದರೆ ‘ಏನೀಗ?’ ಎನ್ನುವ ಜಾತಿ. ನನ್ನನ್ನು ಅವರು ನೋಡಿದ್ದು ಒಂದೆರಡು ಸಲ. ಏನು ಕೇಳಿದರೂ ನಾನು ತಲೆ ಆಡಿಸಿದೆನೆಂದು ಅಂದಿನಿಂದ ‘ಆ ಮೂಗಿ ಹುಡುಗಿ’ ಎಂದೇ ಹೆಸರಿಟ್ಟರು.

ಒಂದು ಮಂಗಳವಾರ ಬೆಳಗ್ಗೆ ಫೋನು ಬಂತು. ಫೋನಕ್ಕ ಎತ್ತಿದಳು, ಒಂದು ಮಾತೂ ಆಡಲಿಲ್ಲ. ಆಗಲೇ ನನಗೆ ಏನೋ ಆಗಿದೆ ಅನ್ನಿಸಿತು. ಸಿಡುಕಣ್ಣನ ದನಿ ಹಿಂದಿನ ಕೋಣೆಯವರೆಗೂ ಕೇಳುತ್ತಿತ್ತು.

“ನಿಮ್ಮ ಆ ಮೂಗಿ ಸಣ್ಣ ಮೊನೆ ಕಳಿಸಿದ್ದಾಳೆ! ಹಲ್ಲಿನ ಡಾಕ್ಟ್ರು ಕೋಲು ಬೀಸಿದ್ರೆ ತಲೇನೇ ಹಾರಿಹೋಗಿದೆ! ಮೈದಾನದಲ್ಲಿ ಹುಲ್ಲು ಕತ್ತರಿಸೋನ ಕಣ್ಣಿಗೆ ಬಡ್ದಿದೆ. ಆಸ್ಪತ್ರೇಲಿದಾನೆ. ಕಣ್ಣು ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ಕೇಳಿಸ್ತಾ?”

ಕೇಳಿಸಿತು ಅಕ್ಕಾ. ನನ್ನ ಕೈಯಲ್ಲಿ ಕೋಲಿನ ಒಂದು ರಬ್ಬರ್ ಹಿಡಿ ಇತ್ತು. ಅದನ್ನು ಎಲ್ಲಿಟ್ಟೆನೋ ನೆನಪಿಲ್ಲ, ಆಮೇಲೆ ಟೀ ಲೋಟದೊಳಗೆ ಸಿಕ್ಕಿತು.

ಆ ಡಬ್ಬಿ ಕಟ್ಟಿದ್ದು ನಾನೇ. ಯಾವತ್ತು ಕಟ್ಟಿದ್ದು ಎನ್ನುವುದೂ ಚೆನ್ನಾಗಿ ನೆನಪಿದೆ. ನಿನಗೆ ಮಗುವಾಗುತ್ತದೆ ಎನ್ನುವ ಸುದ್ದಿ ಬಂದ ದಿನ. ಎರಡೂ ಥರದ ಶಾಫ್ಟಿನ ಕಟ್ಟುಗಳು ಅವತ್ತು ಮೇಜಿನ ಮೇಲೆ ಅಕ್ಕಪಕ್ಕ ಇದ್ದವು. ನನ್ನ ತಲೆ ಇಲ್ಲಿರಲಿಲ್ಲ. ಹುಡುಗನೋ ಹುಡುಗಿಯೋ, ನಿನ್ನ ಹಾಗೆ ಕೆನ್ನೆ ಗುಳಿ ಬೀಳುತ್ತದೋ ಇಲ್ಲವೋ, ಇದೇ ಯೋಚನೆ. ಮೊನೆಗಳನ್ನು ಪಟ್ಟಿಯ ತೂತಿಗೆ ಹಾಕಿ ನೋಡಿದೆನಾ? ಎಷ್ಟು ತಡಕಿದರೂ ಆ ಜಾಗದಲ್ಲಿ ನೆನಪು ಖಾಲಿ. ದಿನಾ ಮಾಡುವ ಕೆಲಸ ಹಾಗೇ ತಾನೆ. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಓಡುತ್ತೇವಲ್ಲ, ಹಾಗೆ. ಇಲ್ಲಿ ವಾಪಸು ಓಡಲು ದಾರಿ ಇರಲಿಲ್ಲ.

ಅವತ್ತು ಸಂಜೆ ನಿನಗೆ ಫೋನು ಮಾಡಿದ್ದು ಅದಕ್ಕೇ. ಆ ಫೋನಿನ ಮಾತು ಇರಲಿ. ಲೈನೂ ಸರಿಯಿರಲಿಲ್ಲ.

ಅಪ್ಪನಿಗೆ ಏನೂ ಹೇಳಲಿಲ್ಲ. ತಟ್ಟೆ ಮುಂದೆ ಕೂತು ಕಲಸಿ ಕಲಸಿ ಎದ್ದು ಹೋಗುತ್ತಿದ್ದೆ. ಅವರು ಟಿವಿ ಸದ್ದು ತಗ್ಗಿಸಿ ‘ಹೊಟ್ಟೆ ನೋವಾ?’ ಎಂದರು. ‘ಹೂಂ’ ಎಂದೆ. ಬಿಸಿನೀರಿನ ಚೀಲ ತಂದುಕೊಟ್ಟರು. ಅದನ್ನು ತಬ್ಬಿಕೊಂಡು ಮಲಗಿದೆ. ಕಣ್ಣು ಮುಚ್ಚಿದರೆ, ಮುಖ ಗೊತ್ತಿಲ್ಲದ ಯಾರೋ ಒಬ್ಬ ಮನುಷ್ಯ ಒಂದೇ ಕಣ್ಣಿನಿಂದ ನನ್ನನ್ನು ನೋಡುತ್ತಿದ್ದ.

ಹೀಗೇ ಕೆಲವು ದಿನ ಕಳೆದವು. ಗ್ರಾಂ ಮಾವ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗಬಹುದಿತ್ತು. ಫೋನಕ್ಕ ಮಾತ್ರ, “ಇವಳು ಅಂಥವಳಲ್ಲ ಸಾರ್, ಇವಳು ಇರುವೆ ಲೆಕ್ಕ ಹಾಕಿ ಅದಕ್ಕೂ ಚೀಟಿ ಅಂಟಿಸೋಳು” ಎಂದು ವಾದ ಮಾಡಿದಳು. ಅವರು ಕನ್ನಡಕ ತೆಗೆದು ಒರೆಸಿ, “ವಸ್ತು ನೋಡದೆ ಯಾರ ತಲೆ ಮೇಲೂ ಏನೂ ಹೊರಿಸೋದು ಬೇಡ. ಯಾರ ತಲೆ ಮೇಲಿಂದ ಇಳಿಸೋದೂ ಬೇಡ. ಹೋಗಿ ನೋಡೋಣ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಪಟ್ಟಿ ಬಿಚ್ಚಿಕೋ. ನೀನೂ ಬಾ” ಎಂದರು.

ಮೇಜಿನ ಸರಪಣಿಯಿಂದ ಆ ಪಟ್ಟಿಯನ್ನು ಬಿಚ್ಚಿದ್ದು ಅದೇ ಮೊದಲು. ವ್ಯಾನಿನಲ್ಲಿ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಮೈ ಬಿಸಿಗೆ ಉಕ್ಕೂ ಬೆಚ್ಚಗಾಗಿತ್ತು.

ಸಿಡುಕಣ್ಣನ ಶೆಡ್ಡನ್ನು ಒಳಗಿಂದ ನೋಡಿದ್ದು ಆಗಲೇ. ಗೋಡೆಗೆ ಸಾಲಾಗಿ ಗೂಟಗಳು, ಒಂದೊಂದಕ್ಕೂ ಒಂದೊಂದು ಹತ್ಯಾರು. ಮೇಜಿನ ಮೇಲೆ ಚಿಟಿಕೆಯಷ್ಟೂ ಧೂಳಿಲ್ಲ. ಬಾಗಿಲ ಹತ್ತಿರ ಮರದ ಸ್ಟ್ಯಾಂಡು, ಅದರಲ್ಲಿ ಮುಗಿದ ಕೋಲುಗಳು ತಲೆ ಕೆಳಗೆ ಮಾಡಿ ನಿಂತಿದ್ದವು. ಮೇಜಿನ ನಡುವೆ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಗಂಟು. ಹಲ್ಲಿನ ಡಾಕ್ಟರು ಕೋಪದಲ್ಲಿ ತಂದು ಎಸೆದು ಹೋದದ್ದು ಹೇಗಿತ್ತೋ ಹಾಗೇ ಇತ್ತು. ಸಿಡುಕಣ್ಣ ಅದನ್ನು ಬಿಚ್ಚಿಯೇ ಇರಲಿಲ್ಲ. ಬಾಯಲ್ಲಿ ಎಷ್ಟು ಬೆಂಕಿಯಿದ್ದರೂ ಅವರಿಗೂ ಬಿಚ್ಚಲು ಹೆದರಿಕೆಯಾಗಿತ್ತು ಎನ್ನುವುದು ನನಗೆ ಆಮೇಲೆ ಹೊಳೆಯಿತು.

“ನೋಡ್ಕೊಳ್ಳಿ ನಿಮ್ಮ ಮಾಲು” ಎಂದು ಗಂಟನ್ನು ನಮ್ಮತ್ತ ತಳ್ಳಿದರು.

ಗ್ರಾಂ ಮಾವ ಪೇಪರು ಬಿಚ್ಚಿದರು. ಒಂದು ತಲೆ, ಒಂದು ಹಿಡಿ ಹಾಕಿದ ಶಾಫ್ಟು. “ಪಟ್ಟಿ ನಿನ್ನ ಹತ್ರ ಇದೆ. ನೀನೇ ನೋಡು” ಎಂದರು.

ಅಕ್ಕಾ, ಮೊನೆ ಪಟ್ಟಿಗೆ ತಗುಲಿ ಟಕಟಕ ಎನ್ನುತ್ತಿತ್ತು. ಸಣ್ಣ ಮೊನೆಯ ತೂತಿಗೆ ಹಿಡಿದೆ. ಹೋಗಲಿಲ್ಲ. ಒತ್ತಿದೆ. ಹೋಗಲಿಲ್ಲ. ಪಕ್ಕದ, ನೇರ ಮೊನೆಯ ತೂತಿಗೆ ಹಿಡಿದೆ. ಬಳೆ ಕೈಗೆ ಇಳಿದ ಹಾಗೆ ಇಳಿಯಿತು.

ನಾನು ಸರಿಯಾದದ್ದನ್ನೇ ಕಳಿಸಿದ್ದೆ.

ಗ್ರಾಂ ಮಾವ ಮೂಗಿನಿಂದ ಉಸಿರು ಬಿಟ್ಟರು. ಅವರೂ ಅಷ್ಟು ಹೊತ್ತು ಉಸಿರು ಹಿಡಿದಿದ್ದರೆಂದು ಆಗ ತಿಳಿಯಿತು.

“ಹಾಗಾದ್ರೆ ನಿಮ್ಮ ಅಂಟು ಹಾಳು” ಎಂದರು ಸಿಡುಕಣ್ಣ. ದನಿಯೇನೋ ಜೋರೇ, ಆದರೆ ಅದರಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

ಗ್ರಾಂ ಮಾವ ಕೋಲಿನ ತಲೆಯನ್ನು ಕೈಗೆತ್ತಿಕೊಂಡು, ಶಾಫ್ಟು ಕೂರುವ ಅದರ ಕತ್ತಿನೊಳಕ್ಕೆ ಟಾರ್ಚು ಬಿಟ್ಟರು. ತುಂಬ ಹೊತ್ತು ನೋಡಿದರು. ಸಿಡುಕಣ್ಣನ ಕೈಗೆ ಕೊಟ್ಟರು. ಸಿಡುಕಣ್ಣನೂ ನೋಡಿದರು. ಆಮೇಲೆ ಶಾಫ್ಟಿನ ಮೊನೆಯನ್ನು ಬೆರಳಿನಿಂದ ಸವರಿದರು. ಕತ್ತಿನೊಳಗೆ ತೊಳೆದಿಟ್ಟ ಪಾತ್ರೆಯಷ್ಟು ಸ್ವಚ್ಛ. ಅಂಟು ಒಣಗಿ ಬಿರುಕುಬಿಟ್ಟಿದ್ದರೆ ಪುಡಿಯಾದರೂ ಇರಬೇಕಿತ್ತು. ಮೊನೆಗೆ ಉಪ್ಪುಕಾಗದವನ್ನೂ ಉಜ್ಜಿರಲಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆ ಕೋಲಿಗೆ ಯಾರೂ ಅಂಟನ್ನೇ ಹಾಕಿರಲಿಲ್ಲ.

ನಿನಗೆ ಒಂದು ವಿಷಯ ಹೇಳಬೇಕು. ಕೋಲು ಕಟ್ಟುವವರು ಅಂಟು ಹಾಕುವ ಮೊದಲು ಒಂದು ಸಲ ಒಣದಾಗಿ ಕೂರಿಸಿ ನೋಡುತ್ತಾರೆ. ಬಳೆ ಏರಿಸಿ, ತಲೆಯನ್ನು ಒತ್ತಿ ಕೂರಿಸಿ, ಕೈಯಲ್ಲಿ ಹಿಡಿದು ತೂಕ ಎತ್ತ ವಾಲುತ್ತದೆ ನೋಡಿ, ಸರಿಯಿದ್ದರೆ ಬಿಚ್ಚಿ, ಉಜ್ಜಿ, ಅಂಟು ಹಾಕಿ ಮತ್ತೆ ಕೂರಿಸುತ್ತಾರೆ. ದರ್ಜಿ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುತ್ತಾನಲ್ಲ, ಅದೇ. ಒಣದಾಗಿ ಕೂರಿಸಿದ್ದೂ ಬಿಗಿಯಾಗಿಯೇ ಇರುತ್ತದೆ. ಅಲ್ಲಾಡಿಸಿದರೂ ಬೀಳುವುದಿಲ್ಲ. ಪೂರ್ತಿ ಬೀಸಿದಾಗಲೇ ಅದರ ಬಂಡವಾಳ ಬಯಲಾಗುವುದು.

ಆಗ ಬಾಗಿಲ ಹತ್ತಿರದಿಂದ ಸಿಡುಕಣ್ಣನ ಹೆಂಡತಿಯ ದನಿ ಬಂತು. ಅವರು ಯಾವಾಗ ಬಂದು ನಿಂತರೋ.

“ಅವತ್ತು ಡಾಕ್ಟ್ರು ಹೇಳಿದ್ದಕ್ಕಿಂತ ಮುಂಚೆ ಬಂದ್ರಲ್ಲ. ನೀವು ಸ್ನಾನಕ್ಕೆ ಹೋಗಿದ್ರಿ. ಸ್ಟ್ಯಾಂಡಲ್ಲಿ ಇರೋದು ಕೊಟ್ಟು ಕಳಿಸು ಅಂತ ಒಳಗಿಂದಾನೇ ಕೂಗಿದ್ರಿ. ಸ್ಟ್ಯಾಂಡಲ್ಲಿ ಎರಡಿತ್ತು. ನಾನು ಹೊಳೆಯೋದು ನೋಡಿ ಕೊಟ್ಟೆ...” ಆಮೇಲೆ ಸಣ್ಣ ದನಿಯಲ್ಲಿ, “ನನ್ನ ಕೈಯಾರೆ ಹೋಯ್ತಾ ಅದು?” ಎಂದರು.

ಆ ಮುಖ ನನಗೆ ಗೊತ್ತಿತ್ತು ಅಕ್ಕಾ. ಅಷ್ಟು ದಿನ ಕನ್ನಡಿಯಲ್ಲಿ ನಾನು ನೋಡುತ್ತಿದ್ದ ಮುಖವೇ ಅದು. ನನ್ನಿಂದ ಇಳಿದ ಭಾರ ನೆಲಕ್ಕೆ ಬೀಳಲಿಲ್ಲ, ನೇರ ಹೋಗಿ ಅವರ ಹೆಗಲ ಮೇಲೆ ಕೂತಿತು. ಎರಡು ನಿಮಿಷದ ಹಿಂದೆ ಕುಣಿಯುವಷ್ಟು ಸಂತೋಷಪಟ್ಟವಳಿಗೆ ನಾಚಿಕೆಯಾಯಿತು.

ಸಿಡುಕಣ್ಣ ಈಗ ಸಿಡಿಯುತ್ತಾರೆ ಎಂದುಕೊಂಡೆ. ಗ್ರಾಂ ಮಾವ ಕೂಡ ಒಂದು ಹೆಜ್ಜೆ ಮುಂದಿಟ್ಟರು. ಆದರೆ ಸಿಡುಕಣ್ಣ ಹೆಂಡತಿಯನ್ನೇ ನೋಡುತ್ತ, “ನೀನು ಕೊಟ್ಟೆ. ಕೂಗಿದ್ದು ನಾನು. ಒಣಗೆ ಕೂರಿಸಿದ್ದನ್ನ ಮುಗಿದಿರೋದ್ರ ಜೊತೆ ನಿಲ್ಲಿಸಿದ್ದೂ ನಾನೇ” ಎಂದರು. ಇನ್ನೊಂದು ಸಲ, “ನಾನೇ” ಎಂದರು. ಆಮೇಲೆ ಇದ್ದ ಒಂದೇ ಸ್ಟೂಲಿನ ಮೇಲೆ ಕೂತರು.

ಅವರ ಹೆಂಡತಿ ಹಾಗೇ ನಿಂತಿದ್ದರು. ಕೈಗಳನ್ನು ಸೀರೆಗೆ ಒರೆಸುತ್ತಲೇ ಇದ್ದರು, ಅವಕ್ಕೆ ಏನೂ ಆಗಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ನಾನು ಮಾತಾಡಿದೆ. ನಂಬುತ್ತೀಯಾ? ಅಷ್ಟು ಜನರ ಮುಂದೆ.

“ಅಮ್ಮಾ, ಅಂಟು ಹಾಕಿದ್ದು, ಹಾಕದೇ ಇದ್ದದ್ದು ಹೊರಗಿಂದ ಯಾರಿಗೂ ಗೊತ್ತಾಗಲ್ಲ. ದಿನಾ ಇದರಲ್ಲೇ ಇರೋಳು ನಾನು, ನನಗೂ ಗೊತ್ತಾಗ್ತಿರಲಿಲ್ಲ. ನಾನೂ ಅದನ್ನೇ ಕೊಡ್ತಿದ್ದೆ.”

ಅವರು ನನ್ನನ್ನು ನೋಡಿದರು. ಸಿಡುಕಣ್ಣನೂ ತಲೆ ಎತ್ತಿದರು. “ಮೂಗಿ ಅಲ್ವಾ ಇವಳು?” ಎಂದು ಗ್ರಾಂ ಮಾವನನ್ನು ಕೇಳಿದರು. ಗ್ರಾಂ ಮಾವ, “ತೂಕ ನೋಡಿ ಮಾತಾಡ್ತಾಳೆ” ಎಂದರು.

ಸಿಡುಕಣ್ಣ, ನನ್ನ ಮುಖ ನೋಡದೆ, ಮೇಜಿನ ಮೇಲಿನ ಪೇಪರನ್ನು ಮಡಿಸುತ್ತ ಕೇಳಿದರು:

“ಬೆಳಗ್ಗೆಯಿಂದ ಏನಾದ್ರೂ ತಿಂದಿದ್ದೀಯೇನಮ್ಮಾ?”

ಅಷ್ಟೇ. ತಪ್ಪಾಯಿತು ಎನ್ನುವ ಮಾತು ಆ ಬಾಯಿಗೆ ಅಭ್ಯಾಸವಿಲ್ಲ, ಪಾಪ. ಅವರಿಗೆ ಬರುವುದು ಇಷ್ಟೇ ಇರಬೇಕು. ನನಗೆ ಅಷ್ಟೇ ಸಾಕಾಯಿತು. ಅವರ ಹೆಂಡತಿ ಬ್ರೆಡ್ಡು, ಬೆಣ್ಣೆ, ಟೀ ತಂದಿಟ್ಟರು. ನಾನು ಎಷ್ಟು ತಿಂದೆನೆಂದರೆ ಗ್ರಾಂ ಮಾವ ವ್ಯಾನಿನಲ್ಲಿ, “ಬರೋವಾಗಿನ ತೂಕಕ್ಕೂ ಹೋಗೋವಾಗಿನ ತೂಕಕ್ಕೂ ವ್ಯತ್ಯಾಸ ಇದೆ” ಎಂದರು.

ಅಲ್ಲಿಂದ ನಾವು ಮನೆಗೆ ಬರಲಿಲ್ಲ. ಕಣ್ಣಿನ ವಿಷಯ ಇನ್ನೂ ಹಾಗೇ ಇತ್ತಲ್ಲ. ಸಿಡುಕಣ್ಣ, “ನಾನೇ ಹೇಳ್ಬೇಕು ಅವನಿಗೆ” ಎಂದು ಅಂಗಿ ಬದಲಾಯಿಸಿ ಬಂದರು. ವ್ಯಾನಿನ ಮುಂದಿನ ಸೀಟಿನಲ್ಲಿ ಮೂರು ಜನ. ನಾನು ನಡುವೆ. ಸಿಡುಕಣ್ಣನ ಮೊಣಕಾಲು ದಾರಿಯುದ್ದಕ್ಕೂ ಕುಣಿಯುತ್ತಲೇ ಇತ್ತು.

(ಅಪ್ಪ ಟೀ ಕೇಳುತ್ತಿದ್ದಾರೆ. ಮಾಡಿಕೊಟ್ಟು ಬರುತ್ತೇನೆ.)

ಅದೇ ದಿನ, ಸಂಜೆ

ಟೀ ಕೊಡಲು ಹೋದವಳು ಬಟ್ಟೆ ಒಗೆದು ಒಣಹಾಕಿಯೇ ಬಂದೆ. ಎಲ್ಲಿಗೆ ನಿಲ್ಲಿಸಿದ್ದೆ? ಆಸ್ಪತ್ರೆ.

ಹುಲ್ಲು ಕತ್ತರಿಸುವವರಿಗೆ ನಮ್ಮ ಅಪ್ಪನಷ್ಟೇ ವಯಸ್ಸು. ಒಂದು ಕಣ್ಣಿಗೆ ಹತ್ತಿ ಇಟ್ಟು ಪಟ್ಟಿ ಸುತ್ತಿದ್ದರು, ಹುಬ್ಬಿನ ಹತ್ತಿರ ಹೊಲಿಗೆ ಹಾಕಿದ್ದರು. ಹಾರಿದ ತಲೆ ಮೊದಲು ಬೇಲಿಯ ಕಂಬಕ್ಕೆ ಬಡಿದು, ಜೋರು ಕಳೆದುಕೊಂಡು, ಆಮೇಲೆ ಅವರಿಗೆ ತಗುಲಿತಂತೆ. ನೇರ ಬಂದಿದ್ದರೆ ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾವು ಹೋದ ಹೊತ್ತಿಗೆ ಕಣ್ಣಿನ ಡಾಕ್ಟರು ಪಟ್ಟಿ ಬಿಚ್ಚಲು ಬಂದಿದ್ದರು. ನಮ್ಮನ್ನು ಗೋಡೆಯ ಹತ್ತಿರ ನಿಲ್ಲಿಸಿದರು.

ಸಿಡುಕಣ್ಣ ನಿಲ್ಲಲಿಲ್ಲ. ಪಟ್ಟಿ ಬಿಚ್ಚುವ ಮೊದಲೇ ಮಂಚದ ಕಾಲಬದಿಗೆ ಹೋಗಿ, “ನಾನು ಅಂಟು ಹಾಕದೇ ಇದ್ದ ಕೋಲು ಅದು. ಅಂಗಡಿಯವರದ್ದೂ ತಪ್ಪಿಲ್ಲ, ಡಾಕ್ಟ್ರದ್ದೂ ತಪ್ಪಿಲ್ಲ. ನನ್ನದು” ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಪಟ್ಟಿ ಬಿಚ್ಚಿ ಕಣ್ಣು ಹೋಗಿದೆ ಎಂದು ಗೊತ್ತಾದ ಮೇಲೆ ಹೇಳುವ ಧೈರ್ಯ ಇರುವುದಿಲ್ಲವೆಂದು ಮೊದಲೇ ಹೇಳಿದರೇನೋ. ನನಗೆ ಹಾಗೆ ಅನ್ನಿಸಿತು.

ಡಾಕ್ಟರು ನಿಧಾನವಾಗಿ ಹತ್ತಿ ತೆಗೆದರು. ಕಣ್ಣು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ, ಇನ್ನೊಂದು ಕಣ್ಣನ್ನು ಕೈಯಿಂದ ಮುಚ್ಚಿ, “ಏನು ಕಾಣ್ತಿದೆ ಹೇಳಿ” ಎಂದರು.

ಮಂಚದ ಮೇಲಿದ್ದವರು ತುಂಬ ಹೊತ್ತು ನೋಡಿದರು. ನಾನು ನಮ್ಮ ಉಕ್ಕಿನ ಪಟ್ಟಿಯನ್ನು ಇನ್ನೂ ಹಿಡಿದುಕೊಂಡೇ ಇದ್ದೆ, ಅದರ ಅಂಚು ಅಂಗೈಗೆ ಒತ್ತುತ್ತಿತ್ತು.

“ಇವನ ಮುಖ ಕಾಣ್ತಿದೆ” ಎಂದು ಸಿಡುಕಣ್ಣನತ್ತ ಬೆರಳು ಮಾಡಿದರು. “ಸ್ವಾಮೀ, ಪಟ್ಟಿ ವಾಪಸ್ ಕಟ್ಟಿಬಿಡಿ.”

ಅಕ್ಕಾ, ಮೊದಲು ನಕ್ಕಿದ್ದು ಕಣ್ಣಿನ ಡಾಕ್ಟರು. ಆಮೇಲೆ ಗ್ರಾಂ ಮಾವ. ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ, ಕುಕ್ಕರಿನ ಹಾಗೆ ತಡೆದು ತಡೆದು ಬರುತ್ತದೆ. ಸಿಡುಕಣ್ಣ ನಗಲಿಲ್ಲ. ಕಿಟಕಿಯ ಕಡೆ ತಿರುಗಿ ನಿಂತರು. ಹೆಗಲು ಅಲ್ಲಾಡುತ್ತಿತ್ತು. ಮಂಚದ ಮೇಲಿದ್ದವರೇ, “ಸಾಕು ಬಾರಯ್ಯ, ಕಣ್ಣು ನಂದು, ಅಳು ನಿಂದಾ?” ಎಂದು ಕರೆದು ಕೂರಿಸಿಕೊಂಡರು. ಇಷ್ಟು ವರ್ಷ ಮೈದಾನದಲ್ಲಿದ್ದು ಎಷ್ಟೋ ಚೆಂಡುಗಳನ್ನು ತಪ್ಪಿಸಿಕೊಂಡಿದ್ದಾರಂತೆ. “ಕೋಲೇ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?” ಎಂದರು. ಊತ ಇಳಿಯಲು ಇನ್ನೂ ದಿನ ಬೇಕು, ಬಿಸಿಲಿಗೆ ಹೋಗುವ ಹಾಗಿಲ್ಲ, ಆದರೆ ಕಣ್ಣಿಗೆ ಏನೂ ಭಯವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆ ಮನುಷ್ಯನ ಮುಖ ಈಗ ನನಗೆ ಗೊತ್ತು. ಎರಡು ಕಣ್ಣೂ ಇವೆ. ಅವತ್ತು ಮನೆಗೆ ಬಂದವಳು ಅಪ್ಪ ಎಬ್ಬಿಸುವವರೆಗೂ ನಿದ್ದೆ ಮಾಡಿದೆ.

ಇನ್ನೊಂದು ಹೇಳುವುದು ಮರೆತೆ. ನಾನು ಶೆಡ್ಡಿನಲ್ಲಿ ಆಡಿದ ಮಾತು ಸಿಡುಕಣ್ಣನ ಹೆಂಡತಿಯ ಮನಸ್ಸಿನಲ್ಲಿ ಉಳಿದಿತ್ತಂತೆ. ‘ಹೊರಗಿಂದ ಗೊತ್ತಾಗಲ್ಲ ಅಂದ್ರೆ ಗೊತ್ತಾಗೋ ಹಾಗೆ ಮಾಡೋಣ’ ಎಂದು ತಮ್ಮ ಹೊಲಿಗೆ ಪೆಟ್ಟಿಗೆಯಿಂದ ಕೆಂಪು ರಿಬ್ಬನ್ನು ತೆಗೆದು, ಒಣಗೆ ಕೂರಿಸಿದ ಪ್ರತಿ ಕೋಲಿನ ಕತ್ತಿಗೂ ಗಂಟು ಹಾಕಲು ಶುರುಮಾಡಿದ್ದಾರೆ. ಅಂಟು ಹಾಕಿ ಒಣಗುವವರೆಗೆ ಗಂಡ ಅದನ್ನು ಬಿಚ್ಚುವ ಹಾಗಿಲ್ಲ. ಫೋನಕ್ಕನಿಗೆ ಇಷ್ಟು ಗೊತ್ತಾದರೆ ಬಿಟ್ಟಾಳೆಯೇ? ಕೋಲು ಕಟ್ಟುವವರಿಗೆಲ್ಲ ಫೋನು ಮಾಡಿ ಮಾಡಿ ಹೇಳಿದಳು. ಈ ಸಲ ಗ್ರಾಂ ಮಾವ ‘ಇಳಿಸು’ ಅನ್ನಲಿಲ್ಲ. ಒಂದು ದೊಡ್ಡ ಸುರುಳಿ ರಿಬ್ಬನ್ನು ತರಿಸಿ ನನ್ನ ಮೇಜಿನ ಮೇಲಿಟ್ಟರು. ಈಗ ಪ್ರತಿ ಡಬ್ಬಿಯಲ್ಲೂ ಒಂದು ತುಂಡು ಇಡುತ್ತೇನೆ. ಒಬ್ಬರು ‘ನಮ್ಮ ಕೋಲಿಗೇನು ಜಡೆ ಹಾಕ್ಬೇಕಾ?’ ಎಂದು ಕೇಳಿದರಂತೆ. ಫೋನಕ್ಕ, ‘ಹೌದು, ತಲೆ ಹಾರಬಾರದು ಅಂತಿದ್ರೆ’ ಎಂದಳಂತೆ.

ಮೊನ್ನೆ ಸಿಡುಕಣ್ಣನಿಂದ ಆರ್ಡರ್ ಬಂತು. ಕೊನೆಯಲ್ಲಿ, ‘ಆ ಹುಡುಗಿಯೇ ಕಟ್ಟಲಿ’ ಎಂದರಂತೆ. ಮೂಗಿ ಎನ್ನಲಿಲ್ಲ. ಫೋನಕ್ಕ ಇದನ್ನು ಹೇಳುವಾಗ ನನಗೇ ಬಹುಮಾನ ಬಂದ ಹಾಗೆ ಚಪ್ಪಾಳೆ ತಟ್ಟಿದಳು. ನಾನು ಅವರ ಮೊನೆಗಳನ್ನೆಲ್ಲ ಎರಡೆರಡು ಸಲ ಪಟ್ಟಿಗೆ ಹಾಕಿ ನೋಡಿದೆ. ಮೂರನೆಯ ಸಲವೂ ನೋಡುತ್ತಿದ್ದೆ, ವ್ಯಾನು ಹೊರಟುಬಿಡುತ್ತದೆ ಎಂದು ಗ್ರಾಂ ಮಾವ ಬೈದರು.

ನೀನು ಚೆನ್ನಾಗಿ ಉಣ್ಣು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ಭಾವನಿಗೂ ನಿಮ್ಮತ್ತೆಗೂ ನಮಸ್ಕಾರ ಹೇಳು. ಅತ್ತೆಗೆ ಹೇಳು, ಆಟ ಆಡುವುದಕ್ಕಲ್ಲ, ಯಾರ ಕಣ್ಣೂ ಹೋಗದ ಹಾಗೆ ನೋಡಿಕೊಳ್ಳುವುದಕ್ಕೆ ಸಂಬಳ ಕೊಡುತ್ತಾರೆ ಅಂತ. ಹೊಟ್ಟೆಯೊಳಗಿರುವ ನಮ್ಮ ಪುಟಾಣಿಗೆ ಚಿಕ್ಕಮ್ಮನ ಆಶೀರ್ವಾದ: ಕಣ್ಣು ಕೈ ಗಟ್ಟಿಯಾಗಿರಲಿ, ಬಾಯಿ ನನಗಿಂತ ಜೋರಾಗಿರಲಿ. ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಪ್ರೀತಿಯ
ಗುಬ್ಬಿ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಆಗಲಿಲ್ಲ. ಅವತ್ತು ಲೈನು ಸರಿಯಾಗಿಯೇ ಇತ್ತು ಅಕ್ಕಾ. ಒಬ್ಬರಿಗೆ ಕಣ್ಣಿಗೆ ಪೆಟ್ಟಾಗಿದೆ, ನಾನು ಕಟ್ಟಿದ ಡಬ್ಬಿ ಎಂದು ಹೇಳಿದ ಕೂಡಲೇ ನೀನು, “ಅಯ್ಯೋ, ಏನು ಮಾಡಿಟ್ಟೆಯೇ? ಡಬ್ಬಿ ಮೇಲ್ಗಡೆ ಬರೆದಿರೋದು ಓದೋಕೆ ಬರ್ಲಿಲ್ಲ ಅಂದ್ರೆ ಯಾರನ್ನಾದ್ರೂ ಕೇಳಬಾರದಿತ್ತಾ?” ಎಂದೆ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಚಿಕ್ಕವರಿದ್ದಾಗ ಪಕ್ಕದ ಮನೆಯ ಕಿಟಕಿ ಗಾಜು ಒಡೆದು ಅವರು ಜಗಳಕ್ಕೆ ಬಂದಾಗ, ನನ್ನನ್ನು ಒಂದು ಮಾತೂ ಕೇಳದೆ ಬೆನ್ನ ಹಿಂದೆ ನಿಲ್ಲಿಸಿಕೊಂಡು ‘ನಮ್ಮ ಗುಬ್ಬಿ ಅಲ್ಲ’ ಎಂದಿದ್ದೆಯಲ್ಲ. ಫೋನು ಹಿಡಿದುಕೊಂಡು ನಾನು ಆ ಮಾತಿಗೇ ಕಾಯುತ್ತಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟರೂ ನನಗೆ ಓದಲು ಬರುತ್ತದೆ ಅಕ್ಕಾ. ಅಮ್ಮ ಹೋದ ಮೇಲೆ ಬೆನ್ನ ಮೇಲೆ ಬೆರಳಿನಿಂದ ಬರೆದು ಬರೆದು ಅಕ್ಷರ ಕಲಿಸಿದವಳು ನೀನೇ ಅಲ್ಲವಾ? ಇರಲಿ, ಈಗ ಸಿಟ್ಟಿಲ್ಲ. ಹೆದರಿಕೆಯಲ್ಲಿ ಎಲ್ಲರ ಬಾಯಿಯೂ ಒಂದೇ ಎನ್ನುವುದನ್ನು ಸಿಡುಕಣ್ಣನಿಂದ ಕಲಿತೆ. ಮುಂದೆ ನಾನು ಏನೇ ಅನಾಹುತ ಮಾಡಿ ಫೋನು ಮಾಡಿದರೂ, ಮೊದಲು ‘ಊಟ ಮಾಡಿದ್ಯಾ?’ ಅಂತ ಕೇಳು. ಆಮೇಲೆ ಏನು ಬೇಕಾದರೂ ಕೇಳು. ಮಗುವಿಗೆಂದು ಒಂದು ತುಂಡು ಕೆಂಪು ರಿಬ್ಬನ್ನು ಇದರೊಳಗೆ ಇಟ್ಟಿದ್ದೇನೆ. ಕಾಗದದಲ್ಲಿ ತಪ್ಪಕ್ಷರ ಸಿಕ್ಕರೆ ನಕ್ಕುಬಿಡು. ಎಲ್ಲ ನನ್ನವೇ. ಯಾರನ್ನೂ ಕೇಳಿಲ್ಲ.